ಬೀಗರ ಹಾಡಿನ ಇಂಗ್ಲಿಷು

ನಮ್ಮ ಜಿಲ್ಲೆಯವರು ಬೆರಗಾಗಬೇಕು ಅನ್ನಿಸಿದರೆ ಜೋಗಕ್ಕೆ ಹೋಗಿ ಬರುತ್ತಾರೆ. ನಾನು ಇಂಗ್ಲಿಷ್ ವ್ಯಾಕರಣದ ಪುಸ್ತಕ ತೆರೆದು ಕೂರುತ್ತೇನೆ. ಶಿಕಾರಿಪುರದ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವನು ಹೀಗೆಂದರೆ ಅದು ಕಸುಬಿನ ಜಂಬ ಎಂದು ನಿಮಗೆ ಅನ್ನಿಸೀತು. ಜಂಬವಲ್ಲ ಸ್ವಾಮಿ, ಭಯಭಕ್ತಿ. ಆ ಪುಸ್ತಕದಲ್ಲಿ ಒಂದು ಪುಟವಿದೆ. ಅದು ಬಂದಾಗಲೆಲ್ಲ ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತೇನೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ.

ಆ ಪುಟದ ವಿಷಯ ಇಷ್ಟೇ. ಇಂಗ್ಲಿಷಿನಲ್ಲಿ ‘ವಾಂಟ್’ ಎಂದ ಮೇಲೆ ಇನ್ನೊಂದು ಕ್ರಿಯಾಪದ ಬರಬೇಕಾದರೆ ನಡುವೆ ಒಂದು ‘ಟು’ ಬೇಕೇ ಬೇಕು: ಐ ವಾಂಟ್ ಟು ಸಿಂಗ್. ‘ಎಂಜಾಯ್’ ಎಂದ ಮೇಲೆ ಬಂದರೆ ‘ಟು’ ಕೂಡದು, ಬಾಲಕ್ಕೆ ‘ಇಂಗ್’ ಅಂಟಬೇಕು: ಐ ಎಂಜಾಯ್ ಸಿಂಗಿಂಗ್. ಹೋಪ್, ಡಿಸೈಡ್, ಪ್ರಾಮಿಸ್, ರೆಫ್ಯೂಸ್ ಇವೆಲ್ಲ ಟು ಕಡೆಯವು. ಫಿನಿಶ್, ಅವಾಯ್ಡ್, ಮೈಂಡ್, ಡಿನೈ ಇವೆಲ್ಲ ಇಂಗ್ ಕಡೆಯವು. ಅದಲುಬದಲು ಮಾಡಿದರೆ ಅರ್ಥವೇನೂ ಕೆಡುವುದಿಲ್ಲ. ಆದರೆ ಕೇಳಿದ ಇಂಗ್ಲಿಷಿನವನು ಅನ್ನದಲ್ಲಿ ಕಲ್ಲು ಸಿಕ್ಕಂತೆ ಮುಖ ಮಾಡುತ್ತಾನೆ.

ಇದನ್ನು ವಿಧಿಸಿದವರು ಯಾರು? ಯಾವ ರಾಜನೂ ಅಲ್ಲ, ಯಾವ ಪಂಡಿತರ ಸಭೆಯೂ ಅಲ್ಲ. ಕುರಿ ಕಾಯುವವರು, ಹಡಗು ನಡೆಸುವವರು, ಬಾಣಂತಿಯರು, ಜಗಳಗಂಟರು ತಲೆಮಾರುಗಳ ಕಾಲ ಮಾತಾಡುತ್ತಾ ಮಾತಾಡುತ್ತಾ ಎಂಜಾಯನ್ನು ಈ ಕಡೆ ಕೂರಿಸಿದರು, ವಾಂಟನ್ನು ಆ ಕಡೆ ಕೂರಿಸಿದರು. ಯಾರೂ ಯಾರನ್ನೂ ಕೇಳಲಿಲ್ಲ, ಆದರೂ ಎಲ್ಲರೂ ಒಪ್ಪಿದರು. ನಮ್ಮೂರಲ್ಲಿ ಒಂದು ಚರಂಡಿ ಎಲ್ಲಿ ತೋಡಬೇಕು ಎಂಬುದಕ್ಕೆ ಇವತ್ತಿಗೂ ಒಮ್ಮತ ಬಂದಿಲ್ಲ. ಗುಡವಿಯ ಕೆರೆಗೆ ಬರುವ ಹಕ್ಕಿಗಳು ಒಂದೊಂದು ಜಾತಿ ಒಂದೊಂದು ಮರ ಹಿಡಿಯುವುದನ್ನು ನೋಡಿದ್ದೇನೆ. ಅಲ್ಲಿ ಕೂಡ ಯಾವ ಮರ ಯಾರದೆಂದು ಹಂಚಿಕೊಟ್ಟವರು ಕಾಣುವುದಿಲ್ಲ. ನನಗೆ ಈ ಎರಡೂ ಒಂದೇ ಬಗೆಯ ಅಚ್ಚರಿ.

ಅಚ್ಚರಿಪಡುವುದು ಒಂದು, ಪಾಠ ಹೇಳುವುದು ಇನ್ನೊಂದು. ಪಾಠಕ್ಕೆ ನಿಂತಾಗ ನಾನು ಎರಡು ಪಟ್ಟಿಯನ್ನೂ ಬೋರ್ಡಿನ ಮೇಲೆ ಬರೆದು, ಸೀಮೆಸುಣ್ಣದ ಕೈ ಕೊಡವಿ, “ಬೈಹಾರ್ಟ್ ಮಾಡ್ರಪ್ಪಾ” ಎಂದು ಹೇಳಿ ಪುಟ ತಿರುವುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಒಳ್ಳೆಯವರು. ಯಾಕೆ ಎಂದು ಕೇಳಿದವರಿಲ್ಲ. ಯಾಕೆ ಎಂದು ಕೇಳಿದ್ದು ನಮ್ಮ ಅತ್ತಿಗೆ.

ಅತ್ತಿಗೆ ಎಂದರೆ ಜಡೆ ಎಂಬ ಊರಿನಲ್ಲಿರುವ ನಮ್ಮಣ್ಣನ ಹೆಂಡತಿ, ಗಿರಿಜತ್ತಿಗೆ. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳನ್ನು ಕರೆತರುವುದು, ಅಡುಗೆ ಮಾಡಿ ಬಡಿಸುವುದು, ಮೂಗು ಒರೆಸುವುದು, ಅತ್ತವರನ್ನು ಸೊಂಟಕ್ಕೆ ಏರಿಸಿಕೊಳ್ಳುವುದು ಎಲ್ಲ ಅವರೇ. ಮಕ್ಕಳೂ ಅವರನ್ನೇ ಟೀಚರ್ ಎಂದು ಕರೆಯುತ್ತವೆ. ನಿಜವಾದ ಟೀಚರ್ ನಿವೃತ್ತಿಗೆ ಹತ್ತಿರವಾಗಿದ್ದರು. ಪಿಯುಸಿ ಪಾಸಾಗಿದ್ದರೆ ಆ ಜಾಗಕ್ಕೆ ಅತ್ತಿಗೆಯೇ ಬರಬಹುದಿತ್ತು. ಅವರು ಮದುವೆಗೆ ಮುಂಚೆ ಸೊರಬದಲ್ಲಿ ಪಿಯುಸಿ ಓದಿದ್ದೂ ಹೌದು, ಉಳಿದೆಲ್ಲ ವಿಷಯ ಪಾಸಾಗಿದ್ದೂ ಹೌದು. ಇಂಗ್ಲಿಷ್ ಒಂದು ಕೈಕೊಟ್ಟಿತ್ತು. ಆಗ ಅದು ಯಾರಿಗೂ ದೊಡ್ಡ ನಷ್ಟ ಅನ್ನಿಸಲಿಲ್ಲ. ಈಗ ಆ ಒಂದು ವಿಷಯ ಪಾಸಾಗದಿದ್ದರೆ ಹೊರಗಿನಿಂದ ಬೇರೆ ಟೀಚರ್ ಬರುತ್ತಾರೆ, ಅತ್ತಿಗೆ ನಿವೃತ್ತಿಯವರೆಗೂ ಸಹಾಯಕಿಯಾಗಿಯೇ ಉಳಿಯುತ್ತಾರೆ. ಮೈದುನ ಇಂಗ್ಲಿಷ್ ಮೇಷ್ಟ್ರಾಗಿ ಇಷ್ಟು ಮಾಡದಿದ್ದರೆ ಹೇಗೆ? ಭಾನುವಾರ ಬಂತೆಂದರೆ ನಾನು ಸೊರಬದ ಬಸ್ಸು ಹಿಡಿದು, ಅಲ್ಲಿಂದ ಜಡೆಯ ಬಸ್ಸು ಹತ್ತಿ ಹೋಗಿ ಪಾಠ ಶುರು ಮಾಡಿದೆ.

ಆ ಪುಟ ಬಂದಾಗ ಎಂದಿನಂತೆ ಬೈಹಾರ್ಟ್ ಮಾಡಿ ಅಂದೆ. ಅತ್ತಿಗೆ ಪೆನ್ನಿನ ತುದಿ ಕಚ್ಚಿಕೊಂಡು ನನ್ನನ್ನು ನೋಡಿದರು.

“ಎಂತಕ್ಕೆ ಹಂಗೆ?” ಎಂದರು.

“ಎಂತಕ್ಕೆ ಅಂದ್ರೆ?”

“ವಾಂಟಿಗೆ ಒಂದು, ಎಂಜಾಯಿಗೆ ಒಂದು ಎಂತಕ್ಕೆ? ಇಬ್ರೂ ಮಾಡಿದ್ದೇನು?”

ಮೇಷ್ಟ್ರಾದವನು ಗೊತ್ತಿಲ್ಲ ಎನ್ನುವ ಮುಂಚೆ ಒಂದು ಸಿದ್ಧಾಂತ ಹೇಳಿಯೇ ಹೇಳುತ್ತಾನೆ. ಇನ್ನು ಮುಂದೆ ಆಗಬೇಕಾದ ಕೆಲಸಕ್ಕೆ ಟು, ಆಗಿಹೋದದ್ದಕ್ಕೆ ಅಥವಾ ಆಗುತ್ತಿರುವುದಕ್ಕೆ ಇಂಗ್ ಎಂದೆ. ಹಾಡಬೇಕೆಂಬ ಆಸೆ ಮುಂದಿನದು, ಅದಕ್ಕೆ ವಾಂಟ್ ಟು ಸಿಂಗ್. ಹಾಡುತ್ತಾ ಪಡುವ ಸಂತೋಷ ಈಗಿನದು, ಅದಕ್ಕೆ ಎಂಜಾಯ್ ಸಿಂಗಿಂಗ್. ಹೇಳುವಾಗ ನನಗೇ ಖುಷಿಯಾಯಿತು. ಅತ್ತಿಗೆ ಬೆರಳನ್ನು ಪಟ್ಟಿಯ ಮೇಲೆ ಇಳಿಸುತ್ತಾ ಹೋಗಿ ಸಜೆಸ್ಟ್ ಎಂಬಲ್ಲಿ ನಿಲ್ಲಿಸಿದರು. “ನಾಳೆ ಸೊರಬಕ್ಕೆ ಹೋಗಾಣ ಅಂತ ಸೂಚಿಸಿದ್ರೆ ಅದು ಮುಂದಿಂದಲ್ದಾ? ಇದ್ಯಾಕೆ ಇಂಗಿನ ಕಡೆ ಕೂತಿದೆ?” ಎಂದರು. ನನ್ನ ಸಿದ್ಧಾಂತ ಅಲ್ಲೇ ಮುಗ್ಗರಿಸಿತು. ಚಹಾ ಆಗಿದೆಯೇನೋ ಎಂದು ನಾನು ಎದ್ದು ಒಳಗೆ ಹೋದೆ. ಚಹಾ ಮಾಡಬೇಕಾದವರು ಹೊರಗೆ ನನ್ನೆದುರೇ ಕೂತಿದ್ದರು.

ಆ ‘ಎಂತಕ್ಕೆ’ ವಾರವಿಡೀ ನನ್ನ ಜೊತೆ ತಿರುಗಿತು. ಮುಂದಿನ ಭಾನುವಾರ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಸೊರಬದ ಬಸ್ಸು ಬಂದು ನಿಂತಾಗಲೂ ತಲೆಯಲ್ಲಿ ಅದೇ ಇತ್ತು. ಇಳಿಯುವವರು ಇಳಿಯದಂತೆ ಹತ್ತುವವರು ಬಾಗಿಲಿಗೆ ಮುತ್ತಿಕೊಂಡಿದ್ದರು. ಕಂಡಕ್ಟರು ಮೆಟ್ಟಿಲ ಮೇಲಿನಿಂದ ಕೂಗಿದರು: “ಮೊದ್ಲು ಇಳಿಯಾಕೆ ಬಿಡ್ರೀ! ಯಜಮಾನ್ರೇ, ನೂಕಾದು ಬಿಡ್ರೀ!”

ನಾನು ನಿಂತಲ್ಲೇ ನಿಂತೆ. ಇಳಿಯಲಿಕ್ಕೆ ಬಿಡಿ ಎಂದರೆ ಅವಕಾಶ ಕೊಡಿ. ನೂಕುವುದು ಬಿಡಿ ಎಂದರೆ ನಿಲ್ಲಿಸಿ. ಬಿಡುವುದು ಒಂದೇ, ಅದರ ಹಿಂದಿನ ಪದದ ಬಾಲ ಬದಲಾದದ್ದಕ್ಕೆ ಒಂದು ಅಪ್ಪಣೆಯಾಯಿತು, ಒಂದು ತಡೆಯಾಯಿತು. ಕೇಳಿದವರಲ್ಲಿ ಒಬ್ಬರಾದರೂ ಗೊಂದಲಕ್ಕೆ ಬಿದ್ದಿರಲಿಲ್ಲ. ಇಳಿಯುವವರು ಇಳಿದರು. ನೂಕುವವರು ನೂಕುತ್ತಲೇ ಇದ್ದರು, ನಿಜ, ಆದರೆ ಅದು ವ್ಯಾಕರಣದ ದೋಷವಲ್ಲ. ಪರದೇಶದ ಪುಸ್ತಕದಲ್ಲಿ ಹುಡುಕಿ ಬೆರಗಾಗುತ್ತಿದ್ದದ್ದನ್ನು ನಾನೇ ಮೊಲೆಹಾಲಿನ ಜೊತೆ ಕುಡಿದು, ದಿನವೂ ನಾಲಗೆಯ ಮೇಲೆ ಇಟ್ಟುಕೊಂಡು ಓಡಾಡುತ್ತಿದ್ದೆ. ಯಾವ ಬಾಲ ಎಲ್ಲಿ ಬರಬೇಕೆಂದು ನನ್ನ ಅವ್ವ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ, ನಾನು ಒಂದು ದಿನವೂ ತಪ್ಪಿರಲಿಲ್ಲ.

ಸೀಟು ಸಿಗಲಿಲ್ಲ. ಸೊರಬದವರೆಗೂ ಕಂಬಿ ಹಿಡಿದು ನಿಂತೇ ಹೋದೆ, ಮತ್ತು ಹೋಗುತ್ತಾ ಇನ್ನೊಂದು ಹೊಳೆಯಿತು. ಸೊರಬಕ್ಕೆ ಎಂಬುದರ ‘ಕ್ಕೆ’, ಇಳಿಯಲಿಕ್ಕೆ ಎಂಬುದರ ‘ಕ್ಕೆ’ ಎರಡೂ ಒಂದೇ. ಇಂಗ್ಲಿಷಿನವರದೂ ಹಾಗೆಯೇ: ಊರಿಗೆ ಹೋಗುವುದಕ್ಕೂ ಟು, ಹಾಡಬೇಕೆನ್ನುವುದಕ್ಕೂ ಟು. ಎರಡು ಭಾಷೆಗಳಿಗೆ ರಕ್ತಸಂಬಂಧವಿಲ್ಲ, ನಡುವೆ ಏಳು ಸಮುದ್ರ. ಆದರೂ ಆಸೆ ಎಂಬುದು ಒಂದು ಊರು, ಅದರ ಕಡೆಗೆ ನಡೆಯಬೇಕು ಎಂದು ಇಬ್ಬರಿಗೂ ತೋಚಿದೆ. ನನ್ನ ಮೈ ಜುಮ್ಮೆಂದಿತು. ಪಕ್ಕದಲ್ಲಿ ನಿಂತಿದ್ದವರು ಕುಕ್ಕೆಯಲ್ಲಿ ಕೋಳಿ ಹಿಡಿದುಕೊಂಡಿದ್ದರು. ಅವರಿಗೆ ಹೇಳಿಬಿಡಲೇ ಅನ್ನಿಸಿತು, ಕೋಳಿಯ ಮುಖ ನೋಡಿ ಸುಮ್ಮನಾದೆ.

ಜಡೆಗೆ ಹೋದವನೇ ಚಪ್ಪಲಿ ಕಳಚುವ ಮುಂಚೆ ಇದನ್ನೆಲ್ಲ ಅತ್ತಿಗೆಗೆ ಒಪ್ಪಿಸಿದೆ. ಅವರು ಶ್ರದ್ಧೆಯಿಂದ ಕೇಳಿ, “ಎಲ್ಲ ಚೆನ್ನಾಗೈತೆ ಮಾರಾಯ. ಆದ್ರೆ ಪಟ್ಟಿ ಮಾತ್ರ ತಲೇಲಿ ನಿಲ್ತಿಲ್ಲ. ಬೆಳಗ್ಗೆ ಓದಿದ್ದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕೋವಷ್ಟರಲ್ಲಿ ಹೋಗಿರ್ತದೆ” ಎಂದರು. ಅವರ ದನಿಯಲ್ಲಿ ಅಳು ಇತ್ತು. ಪರೀಕ್ಷೆ ಹತ್ತಿರ ಬಂದಿತ್ತು. ನನ್ನ ಬೆರಗಿನಿಂದ ಅವರಿಗೆ ಒಂದು ಅಂಕವೂ ಬರುವಂತಿರಲಿಲ್ಲ.

ಆಗ ಬಂದವರು ಶಾರದಕ್ಕ. ಪಕ್ಕದ ಮನೆಯವರು, ಅತ್ತಿಗೆಯ ಜೀವದ ಗೆಳತಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಬ್ಬರೂ ಸೇರಿದರೆ ಸುತ್ತಲಿನ ಯಾವ ಮದುವೆಯೂ ಬೀಗರ ಹಾಡಿಲ್ಲದೆ ಮುಗಿಯುವುದಿಲ್ಲ. ಬೀಗರ ಹಾಡು ಗೊತ್ತಲ್ಲ? ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯವರು, ಅವರನ್ನು ಇವರು, ಊಟಕ್ಕೆ ಕೂತಾಗ ಹಾಡಿನಲ್ಲೇ ಕಿಚಾಯಿಸುವುದು. ನಮ್ಮ ಕಡೆ ಅದನ್ನು ಪ್ರಶ್ನೆ ಉತ್ತರದ ಹಾಗೆ ಹಾಡುತ್ತಾರೆ. ಒಂದೇ ಕಡೆಯ ಇಬ್ಬರಲ್ಲಿ ಒಬ್ಬರು ಪ್ರಶ್ನೆ ಎತ್ತುತ್ತಾರೆ, ಇನ್ನೊಬ್ಬರು ಹಿಂದೆ ಉತ್ತರ ಹೇಳುತ್ತಾರೆ. ಎತ್ತಿದವರು ಅಪ್ಪಿತಪ್ಪಿಯೂ ಉತ್ತರ ಹೇಳುವಂತಿಲ್ಲ. ಹೇಳಿದರೆ ಜೊತೆಗಾತಿಗೆ ಬಾಯಿಲ್ಲ ಎಂದು ಹಂಗಿಸಿದ ಹಾಗೆ. ಅತ್ತಿಗೆ ಯಾವಾಗಲೂ ಎತ್ತುವವರು, ಶಾರದಕ್ಕ ಯಾವಾಗಲೂ ಹಿಂದೆ ಹೇಳುವವರು. ಉಡುತಡಿಯಲ್ಲಿ ಶಾರದಕ್ಕನ ತಂಗಿಯ ಮಗಳ ಮದುವೆಯಿತ್ತು. ಅದಕ್ಕೆ ಹಾಡು ಕಟ್ಟೋಣವೆಂದು ಅವರು ಬಂದಿದ್ದರು.

ಅತ್ತಿಗೆಯ ಅಳುಮುಖ ನೋಡಿ ಏನೆಂದು ಕೇಳಿದರು. ನಾನು ಹೇಳಿದೆ: ಹೀಗೆ ಎರಡು ಮನೆತನ, ಟೂ ಮನೆ, ಇಂಗಿನ ಮನೆ, ಯಾರು ಯಾವ ಮನೆಯವರೆಂದು ನೆನಪಿರಬೇಕು.

“ಅಷ್ಟೇಯಾ? ಉಡುತಡಿ ಬೀಗರ ಕಡೆ ಹೆಂಗಸ್ರ ಹೆಸ್ರೆಲ್ಲ ನೆಂಪಿಟ್ಕಂಡೀವಿ, ಇದೇನ್ ಮಹಾ?” ಎಂದರು ಶಾರದಕ್ಕ. “ಎತ್ತೇ ಗಿರಿಜಾ.”

ಅತ್ತಿಗೆ ಮೊದಲು ನಕ್ಕರು. ಆಮೇಲೆ ನಿಜಕ್ಕೂ ಎತ್ತಿದರು:

“ವಾಂಟಮ್ಮ ಬಂದಾಳೆ, ಯಾರ ಮನೆಯವಳೆ?”

ನಾನು ಪಕ್ಕದಿಂದ ಟೂ ಮನೆ ಎಂದು ಸೂಚನೆ ಕೊಟ್ಟೆ. ಶಾರದಕ್ಕ ಗಂಟಲು ಕೆರೆದುಕೊಂಡು ಹಿಡಿದರು:

“ಟೂ ಮನೆಯ ಸೊಸೆಯವಳೆ, ಟೂ ಬಿಟ್ಟು ಬರದವಳೆ!”

“ಎಂಜಾಯಿ ಬಂದಾಳೆ, ಯಾರ ಮನೆಯವಳೆ?”

“ಇಂಗಿನ ಮನೆ ಮಗಳವಳೆ, ಇಂಗಿಲ್ದೆ ಉಣ್ಣದವಳೆ!”

ಮಧ್ಯಾಹ್ನ ಜಾರುವಷ್ಟರಲ್ಲಿ ಪಟ್ಟಿ ಪೂರ್ತಿ ಮದುವೆಮನೆಯಾಯಿತು. ಹೋಪಮ್ಮನ ಮೂಗುತಿಯನ್ನು ಆಡಿಕೊಂಡರು. ಕೊಟ್ಟ ಹೆಣ್ಣನ್ನು ಒಲ್ಲೆನೆಂದ ಸೊಕ್ಕಿನವಳೆಂದು ರೆಫ್ಯೂಸಮ್ಮನಿಗೆ ಉಗಿದರು. ಮೈಂಡಮ್ಮ ಎಲ್ಲದಕ್ಕೂ ಬೇಜಾರು ಮಾಡಿಕೊಳ್ಳುವ ಅತ್ತೆಯಾದಳು. ರಿಮೆಂಬರ್, ಸ್ಟಾಪ್ ಇಂಥವು ಎರಡೂ ಮನೆಗೆ ಹೋಗುತ್ತವೆ, ಹೋದ ಮನೆಗೆ ತಕ್ಕಂತೆ ಅರ್ಥ ಬದಲಾಯಿಸುತ್ತವೆ ಎಂದು ನಾನು ಹೆದರುತ್ತಾ ಹೇಳಿದೆ. ಪಾಠ ಮಾಡುವಾಗ ಮಕ್ಕಳು ಕೈಚೆಲ್ಲುವುದೇ ಇಲ್ಲಿ. ಶಾರದಕ್ಕ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, “ತವರಲ್ಲಿ ಒಂದು ಮುಖ, ಗಂಡನ ಮನೇಲಿ ಒಂದು ಮುಖ. ನಮ್ಮಂಗೇ ಬಿಡು” ಎಂದರು.

ನಾನು ಕೂತು ನೋಡುತ್ತಿದ್ದೆ. ಬೋರ್ಡಿನ ಮೇಲೆ ನಾನು ಸಾಲಾಗಿ ಒಣಗಲು ಹಾಕುತ್ತಿದ್ದ ಪದಗಳು ರೇಷ್ಮೆ ಸೀರೆ ಉಟ್ಟು, ಎಲೆಯಡಿಕೆ ಹಾಕಿಕೊಂಡು, ಒಬ್ಬರನ್ನೊಬ್ಬರು ಮೂದಲಿಸುತ್ತಿದ್ದವು. ಎಲ್ಲಿಯ ಕುರುಬರು ಕಟ್ಟಿದ ಎಲ್ಲಿಯ ನುಡಿ, ಜಡೆಯ ಜಗಲಿಗೆ ಬಂದು ಬೀಗರಾಗಿ ಕೂತಿತ್ತು. 

ಆ ಹಾಡು ಉಡುತಡಿಯ ಮದುವೆಯಲ್ಲೂ ನಡೆಯಿತಂತೆ. ಗಂಡಿನ ಕಡೆಯವರು ಇದ್ಯಾವ ಊರಿನ ಹೆಂಗಸರ ಹೆಸರೆಂದು ತಿಳಿಯದೆ ಕಂಗಾಲಾದರಂತೆ. ಪರೀಕ್ಷೆಯವರೆಗೂ ಅವರಿಬ್ಬರೂ ಅಕ್ಕಿ ಆರಿಸುವಾಗ, ಬಟ್ಟೆ ಒಗೆಯುವಾಗ ಅದನ್ನೇ ಹಾಡಿದರು. ಒಂದು ಸಲವೂ ತಪ್ಪಲಿಲ್ಲ. ಅತ್ತಿಗೆ ಪಾಸಾದ ಹಾಗೇ ಎಂದು ನಾನು ಅಣ್ಣನ ಹತ್ತಿರ ಹೇಳಿಯೂ ಆಯಿತು.

ಪರೀಕ್ಷೆ ಸೊರಬದಲ್ಲಿತ್ತು. ನಾನು ರಜೆ ಹಾಕಿ ಹೋಗಿ ಎದುರಿನ ಹೋಟೆಲಿನಲ್ಲಿ ಕಾದು ಕೂತೆ. ಗಂಟೆ ಹೊಡೆಯಿತು, ಹುಡುಗ ಹುಡುಗಿಯರೆಲ್ಲ ಗಲಗಲ ಎನ್ನುತ್ತಾ ಹೊರಬಂದರು. ಎಲ್ಲರೂ ಚದುರಿದ ಮೇಲೆ ಅತ್ತಿಗೆ ಬಂದರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. ಎದುರು ಕೂತು ನೀರು ಕುಡಿದರು. ಚಹಾ ಬಂತು, ಅದನ್ನೂ ಕುಡಿದರು.

“ಆ ಪ್ರಶ್ನೆ ಬಂದಿತ್ತಾ ಅತ್ತಿಗೆ?” ಎಂದು ಮೆಲ್ಲಗೆ ಕೇಳಿದೆ.

“ಬಂದಿತ್ತು. ಒಳಗೊಳಗೇ ಹಾಡು ಎತ್ತಿದೆ. ಅವಾಯ್ಡಮ್ಮ ಬಂದಾಳೆ, ಯಾರ ಮನೆಯವಳೆ ಅಂದೆ. ಅಂದು ಸುಮ್ನೆ ಕೂತೆ. ಯಾರೂ ಹೇಳ್ಲಿಲ್ಲ.”

“ಯಾರು ಹೇಳ್ಬೇಕಿತ್ತು?”

“ಶಾರದಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೌದಲ್ಲ! ಇಷ್ಟು ದಿನವೂ ಅತ್ತಿಗೆ ಹಾಡಿದ್ದು ಪ್ರಶ್ನೆ. ಉತ್ತರ ಒಂದು ಸಲವೂ ಅವರ ಬಾಯಿಂದ ಹೊರಟಿರಲಿಲ್ಲ, ಹೊರಡಬಾರದು ಎಂಬುದೇ ರಿವಾಜು. ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಗಳು ಹೇಗೂ ಅಚ್ಚಾಗಿ ಬಂದಿರುತ್ತವೆ. ಉತ್ತರಗಳೆಲ್ಲ ಜಡೆಯಲ್ಲಿ, ಶಾರದಕ್ಕನ ಹತ್ತಿರ ಉಳಿದಿದ್ದವು. ಇಂಥ ತಪ್ಪನ್ನು ಲೋಕದ ಇನ್ಯಾವ ಊರಿನವರೂ ಮಾಡಿರಲಾರರು, ಇದನ್ನು ಇನ್ಯಾವ ಮೇಷ್ಟ್ರೂ ಎದುರಿಗೇ ಕೂತು ಚಪ್ಪಾಳೆ ತಟ್ಟಿ ಹುರಿದುಂಬಿಸಿರಲಾರ.

“ಆಮೇಲೆ?”

“ಎಲ್ರೂ ತಲೆ ತಗ್ಗಿಸ್ಕೊಂಡು ಬರೀತಿದ್ರು.  ಆಗಿದ್ದಾಗ್ಲಿ ಅಂತ ಕಣ್ಮುಚ್ಚಿದೆ ಮಾರಾಯ. ಶಾರದಿ ಹಿಂದೆ ಹೇಳೋ ಮುಂಚೆ ಗಂಟಲು ಕೆರೀತಾಳಲ್ಲ, ಮೊದ್ಲು ಅದು ಕೇಳ್ತು. ಆಮೇಲೆ ಅವಳ ದನಿ ಬಂತು. ಇಂಗಿನ ಮನೆ ಮಗಳವಳೆ ಅಂತ ಅವಳೇ ಹೇಳಿದ್ಲು, ನಾನು ಬರ್ಕೊಂಡೆ. ನಾನು ಎತ್ತೋದು, ಅವಳು ಹೇಳೋದು, ನಾನು ಬರಿಯೋದು. ಎಲ್ಲದೂ ಹಂಗೇ ಆತು.”

 ಅಕ್ಷರ ಬಿಟ್ಟು ಎಷ್ಟೋ ಕಾಲವಾಗಿದ್ದ ಒಬ್ಬ ಹೆಂಗಸು ಜಡೆಯ ತನ್ನ ಮನೆಯಲ್ಲಿ ಸೌದೆ ಒಟ್ಟುತ್ತಲೋ ಎಮ್ಮೆ ತೊಳೆಯುತ್ತಲೋ ಇದ್ದಳು. ಅದೇ ಹೊತ್ತಿಗೆ ಸೊರಬದ ಪರೀಕ್ಷೆಯ ಕೋಣೆಯೊಳಗೆ ಅವಳ ದನಿ ಗೆಳತಿಯ ಕಿವಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿತ್ತು. ಮೇಲ್ವಿಚಾರಕರು ಇದನ್ನು ಯಾವ ನಿಯಮದಲ್ಲಿ ಹಿಡಿಯಬೇಕು? ಭಾಷೆ ಎಲ್ಲಿರುತ್ತದೆ ಎಂದು ಯಾರಾದರೂ ಕೇಳಿದರೆ ಪುಸ್ತಕ ತೋರಿಸುತ್ತಿದ್ದವನು ನಾನು. ಅದು ಇಬ್ಬರ ನಡುವೆ ಇರುತ್ತದೆ, ಒಬ್ಬರು ಇಲ್ಲದಾಗ ಅವರ ಪಾಲನ್ನೂ ಇನ್ನೊಬ್ಬರ ಕಿವಿ ಕಾದಿಟ್ಟಿರುತ್ತದೆ ಎಂದು ಆ ಹೋಟೆಲಿನ ಬೆಂಚಿನ ಮೇಲೆ ಕೂತು ಅನ್ನಿಸಿತು. ಆ ಅನ್ನಿಸಿಕೆಗೆ ಕೈ ಮುಗಿಯಬೇಕೆನಿಸಿತು.

“ಹಂಗಾದ್ರೆ ಎಲ್ಲ ಸರಿಯಾಯ್ತಲ್ಲ?”

“ಅದು ಸರಿಯಾತು. ಆದ್ರೆ ಹಾಡು ಅರ್ಧಕ್ಕೆ ಬಿಡಂಗಿಲ್ಲಲ್ಲ, ಒಂದೊಂದೂ ಪೂರ್ತಿ ಹಾಡಿಸ್ದೆ. ಕೊನೇಗೆ ಪತ್ರ ಬರಿಯಕ್ಕೆ ಟೈಮೇ ಉಳೀಲಿಲ್ಲ. ಡಿಯರ್ ಸರ್ ಅಂತ ಬರ್ದೆ, ಗಂಟೆ ಹೊಡೀತು.” ಅತ್ತಿಗೆ ಲೋಟ ಕೆಳಗಿಟ್ಟರು. “ಹೋದ್ರೆ ಈ ಸಲಾನೂ ಇಂಗ್ಲಿಷಿನಾಗೇ ಹೋಗ್ತದೆ ನೋಡು.”

ಫಲಿತಾಂಶ ಬರುವವರೆಗೆ ನಾನು ಜಡೆಯ ಕಡೆ ತಲೆಹಾಕಲಿಲ್ಲ. ಬಂದ ದಿನ ಮಾತ್ರ ಬೆಳಗ್ಗೆಯೇ ಹೋಗಿ ಜಗಲಿಯ ಮೇಲೆ ಕೂತು ಮೊಬೈಲು ತಿಕ್ಕತೊಡಗಿದೆ. ಅಣ್ಣ ಗದ್ದೆಗೆ ಹೋಗುವ ನೆವ ಮಾಡಿಕೊಂಡು ಅಂಗಳದಲ್ಲೇ ಸುತ್ತುತ್ತಿದ್ದ. ಅತ್ತಿಗೆ ಒಳಗೆ ಪಾತ್ರೆ ತೊಳೆಯುವ ಸದ್ದು ಬೇಕೆಂದೇ ಜೋರಾಗಿತ್ತು. ಕೊನೆಗೂ ಪುಟ ತೆರೆಯಿತು. ಪಾಸು. ಹೊಟ್ಟೆ ತುಂಬುವಷ್ಟು ಅಂಕವೇನಲ್ಲ, ಬಾಗಿಲು ದಾಟುವಷ್ಟು ಇತ್ತು. ನಾನು ಕೂಗಿದೆ, ಅಣ್ಣ ಕೂಗಿದ, ಪಾತ್ರೆಯ ಸದ್ದು ನಿಂತಿತು.

ಅತ್ತಿಗೆ ಹೊರಗೆ ಬಂದರು. ಮೊಬೈಲನ್ನು ಇಸಿದುಕೊಂಡು ತಾವೇ ನೋಡಿದರು. ಆಮೇಲೆ ನಾನು ತಂದಿದ್ದ ಪೇಡೆಯ ಪೊಟ್ಟಣ ತೆಗೆದುಕೊಂಡು, ಗಂಡನಿಗೂ ಕೊಡದೆ, ದೇವರ ಮುಂದೆಯೂ ಇಡದೆ, ನೇರವಾಗಿ ಪಕ್ಕದ ಮನೆಗೆ ನಡೆದರು. ನಾನು ಹಿಂದೆಯೇ ಹೋದೆ.

ಶಾರದಕ್ಕ ರೊಟ್ಟಿ ತಟ್ಟುತ್ತಿದ್ದರು. ಕೈಯೆಲ್ಲ ಹಿಟ್ಟು. ಅತ್ತಿಗೆಯೇ ಅವರ ಬಾಯಿಗೆ ಪೇಡೆ ಇಟ್ಟರು. ಶಾರದಕ್ಕನಿಗೆ ಹೇಳಬೇಕಾದ್ದೇನೂ ಇರಲಿಲ್ಲ, ಮುಖ ನೋಡಿಯೇ ತಿಳಿಯಿತು.

“ನಾನೆಲ್ಲಿ ಬರ್ದೆ? ಎಲ್ಲ ನೀನೇ ಹೇಳಿದ್ದು ಕಣೇ” ಎಂದರು ಅತ್ತಿಗೆ.

ಶಾರದಕ್ಕ ಪೇಡೆ ನುಂಗಿ, ರೊಟ್ಟಿ ತಿರುವಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಹೆಂಗಸು ನಾಚಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಹಂಗಾದ್ರೆ ನಂದೂ ಅರ್ಧ ಪಾಸಾದಂಗೇ ಅಲ್ಲೇನ್ ತಮ್ಮಾ?”

“ಆದಂಗೇ ಅಕ್ಕ.”

“ಇನ್ನರ್ಧ ನಾನೂ ಕಟ್ಟಬೌದಾ?”

ಮೊದಲು ಎಸ್ಸೆಸ್ಸೆಲ್ಸಿ ಆಗಬೇಕು, ಅದನ್ನು ಖಾಸಗಿಯಾಗಿ ಕಟ್ಟಬಹುದು, ಅದಕ್ಕೆ ಗಣಿತ ಇದೆ, ವಿಜ್ಞಾನ ಇದೆ, ಸಮಾಜ ಇದೆ ಎಂದು ವಿವರಿಸಲು ನಾನು ಬಾಯಿ ತೆರೆದೆ. ಮೇಷ್ಟ್ರ ಬಾಯಿ, ತೆರೆದರೆ ಬೇಗ ಮುಚ್ಚುವುದಿಲ್ಲ. ಅತ್ತಿಗೆ ಕೈಯೆತ್ತಿ ನನ್ನನ್ನು ತಡೆದರು. ಒಲೆಯ ಹತ್ತಿರ ಮಣೆ ಎಳೆದುಕೊಂಡು ಗೆಳತಿಯ ಎದುರಿಗೆ ಕೂತರು.

“ಈ ಸಲ ನೀನು ಎತ್ತು” ಎಂದರು. “ಹಿಂದೆ ನಾನು ಹೇಳ್ತೀನಿ.”